ಜನಿತನ ಪಾಲಿನ ನೀರು

ಕುಡಾವೆಲ್ಲ
9 ಮೇ 2018

ಹಾಮುದುರುವನೇ,

ಮೊದಲಿಗೆ ಕಾಲಿಗೆ ಬಿದ್ದು ನಮಸ್ಕಾರ. ಭಿಕ್ಷುಗಳಿಗೆ ಬರೆಯುವಾಗ ಹಾಮುದುರುವನೇ ಅಂತ ಕರೆದು ಹೀಗೇ ಶುರು ಮಾಡಬೇಕಂತೆ, ಅಮ್ಮ ಹೇಳಿದಳು. "ನಮ್ಮ ಉದಾರಣ್ಣನ ಕಾಲಿಗೆ ನಾನ್ಯಾಕಮ್ಮ ಬೀಳ್ಲಿ? ಹೋದ ವರ್ಷ ನನ್ನ ಸೈಕಲ್ ತಗೊಂಡೋಗಿ ಚರಂಡಿಗೆ ಬೀಳಿಸಿದೋನು" ಅಂದೆ. "ಕಾವಿ ಉಟ್ಮೇಲೆ ಅವನು ಉದಾರ ಅಲ್ಲ ಕಣೇ, ನಾಲಿಗೆ ಬಿಗಿ ಹಿಡಿ" ಅಂತ ಬೈದಳು. ಆಮೇಲೆ ಅವಳೇ ಅರ್ಧ ಗಂಟೆ ನಿಮ್ಮನ್ನು ಉದಾರ, ಉದಾರ ಅಂತಲೇ ಬೈದಳು. ಯಾಕೆ ಅಂತ ಹೇಳುತ್ತೇನೆ.

ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ದಿನವಿಡೀ ಫೋನ್ ರಿಪೇರಿ ಅಂಗಡಿಯಲ್ಲಿ ಕೂರುವವಳು ನಾನು, ಪೆನ್ನು ಹಿಡಿದರೆ ಬೆರಳು ನೋಯುತ್ತೆ. ನಿಮ್ಮ ಕಾಡಿನ ವಿಹಾರದಲ್ಲಿ ಫೋನ್ ಇಲ್ಲ ಅಂದಮೇಲೆ ಇನ್ನೇನು ಮಾಡಲಿ.

ನಿಮ್ಮ ಕಾಗದ ವೆಸಾಕ್ ಹುಣ್ಣಿಮೆ ಕಳೆದ ಮೇಲೆ ಬಂತು. ನೀವು ದೀಕ್ಷೆ ತೆಗೆದುಕೊಂಡದ್ದು, ಸುಗತಸಿರಿ ಅಂತ ಹೊಸ ಹೆಸರು ಬಂದದ್ದು ಓದಿ ನನಗೆ ಮೈ ಜುಮ್ ಅಂದಿತು. ನಮ್ಮ ಬೀದಿಯವರೊಬ್ಬರು! ನಾನೂ ಈಗ ಧ್ಯಾನ ಮಾಡುತ್ತೇನೆ, ಗೊತ್ತಾ? ಫೋನಿನಲ್ಲಿ ಒಂದು ಗ್ರೂಪ್ ಇದೆ, ದಿನಾ ಬೆಳಿಗ್ಗೆ ಎಷ್ಟು ನಿಮಿಷ ಕೂತೆವು ಅಂತ ಎಲ್ಲರೂ ಹಾಕಬೇಕು, ಜೊತೆಗೊಂದು ತಾವರೆ ಚಿತ್ರ. ನನ್ನದು ಇಪ್ಪತ್ತು ನಿಮಿಷ. ನಿಮ್ಮ ವಿಷಯ ಅಲ್ಲಿ ಹಾಕಿದೆ. ಎಲ್ಲರೂ ಸಾಧು, ಸಾಧು ಅಂದರು.

ಅಮ್ಮ ಕೆಲವಲ್ಲ ಮೀನು ಸೀಳಿ ಉಪ್ಪು ತುಂಬುತ್ತಾ ಕೂತಿದ್ದಳು. ಕೈ ಖಾಲಿ ಇರಲಿಲ್ಲ, ಅದಕ್ಕೆ ನಾನೇ ಗಟ್ಟಿಯಾಗಿ ಓದಿದೆ. ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ನನ್ನ ದೀಕ್ಷೆಯ ಪುಣ್ಯವನ್ನು ತೀರಿಕೊಂಡ ನನ್ನ ತಂದೆಗೂ ಜನಿತನಿಗೂ ನೀರು ಬಿಟ್ಟು ಅರ್ಪಿಸಿದ್ದೇವೆ."

ಅಮ್ಮ ಕತ್ತಿ ಕೆಳಗಿಟ್ಟಳು. "ಏನಂದೆ? ಇನ್ನೊಂದ್ಸಲ ಓದು." ಓದಿದೆ. "ನನ್ನ ಮಗ ಸತ್ತ ಅಂತ ಇವನಿಗೆ ಹೇಳಿದ್ಯಾರು? ಉಸಿರಾಡ್ತಿರೋನ ಹೆಸರಿಗೆ ಸತ್ತೋರ ನೀರು ಬಿಡ್ತಾನಾ? ನನ್ನ ಮನೆ ಅನ್ನ ತಿಂದು ಬೆಳೆದೋನು!"

ಅವಳ ಲೆಕ್ಕ ನಿಮಗೂ ಗೊತ್ತು. ಮೀನು ಹಿಡಿಯಲು ದೋಣಿಯಲ್ಲಿ ಐದು ಜನ ಹೋದಿರಿ, ನಾಲ್ಕು ಜನ ಬಂದಿರಿ. ಜನಿತಣ್ಣ ಮುಳುಗಿದ್ದನ್ನು ಕಂಡೆ ಅಂತ ನಾಲ್ವರಲ್ಲಿ ಒಬ್ಬರೂ ಹೇಳಲಿಲ್ಲ. ಆವತ್ತು ದೂರದಲ್ಲಿ ದೊಡ್ಡ ಹಡಗೊಂದು ಹೋಗುತ್ತಿತ್ತು ಅಂತ ಮಾತ್ರ ಹೇಳಿದಿರಿ. ಅದು ಅವನನ್ನು ಎತ್ತಿಕೊಂಡಿರುತ್ತೆ ಅನ್ನುತ್ತಾಳೆ ಅಮ್ಮ. ಸಮುದ್ರದಲ್ಲಿ ಕಳೆದುಹೋಗಿದ್ದ ದೊಂದ್ರದ ಹುಡುಗನೊಬ್ಬ ಹದಿನಾಲ್ಕು ತಿಂಗಳಾದ ಮೇಲೆ ಯಾವುದೋ ದೇಶದ ಜೈಲಿನಿಂದ ಮನೆಗೆ ಬರಲಿಲ್ಲವಾ? ನಮಗಿನ್ನೂ ನಾಲ್ಕೇ ತಿಂಗಳು. ಅವಳು ದಿನಾ ಬಂದರಿಗೆ ಹೋಗಿ ಬರುತ್ತಾಳೆ.

ದಯವಿಟ್ಟು ಒಂದು ಕ್ಷಮೆಯ ಮಾತು ಬರೆಯಿರಿ. ಅವಳ ಕೋಪ ಮೀನು ಒಣಗುವಷ್ಟು ಹೊತ್ತೂ ಇರೋದಿಲ್ಲ.

ಇಂತಿ,
ತಾರುಷಿ


ಅರಣ್ಯ ವಿಹಾರ, ಬಿಬಿಲೆ
27 ಮೇ 2018

ತಾರುಷಿಗೆ,

ತ್ರಿರತ್ನಗಳ ಶರಣು ನಿಮ್ಮ ಮನೆಗಿರಲಿ.

ಅಮ್ಮನಿಗೆ ನನ್ನಿಂದ ನೋವಾಯಿತು. ತಪ್ಪು ನನ್ನದು. ಅಪ್ಪನ ಹೆಸರು ಹೇಳುತ್ತಿದ್ದೆ, ಅದರ ಹಿಂದೆಯೇ ಅವನ ಹೆಸರೂ ಬಾಯಿಗೆ ಬಂದುಬಿಟ್ಟಿತು. ಮುಂದೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ.

ಇಲ್ಲಿ ನನ್ನ ಕೆಲಸ ಅಂಗಳ ಗುಡಿಸುವುದು. ನಡೆಯುವಾಗ ನಡೆಯುತ್ತಿದ್ದೇನೆಂದೂ ಗುಡಿಸುವಾಗ ಗುಡಿಸುತ್ತಿದ್ದೇನೆಂದೂ ಅರಿತಿರಬೇಕು. ಮೊನ್ನೆ ದೊಡ್ಡ ಹಾಮುದುರು ಬಂದು ನಿಂತರು.

"ಎಲ್ಲಿದ್ದೀಯ?" ಎಂದರು.

"ಅಂಗಳದಲ್ಲಿದ್ದೀನಿ ಸ್ವಾಮಿ."

"ಸುಳ್ಳು. ದೋಣೀಲಿದ್ದೀಯ. ಇಲ್ಲಿ ಬರೀ ಪೊರಕೆ ಇದೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಜಾಗವನ್ನು ಮತ್ತೆ ಗುಡಿಸಿದೆ.

ಧ್ಯಾನ ಬಿಡಬೇಡ. ನಿಮಿಷ ಎಣಿಸುವುದು ಬಿಡು. ಉಸಿರು ಬಂದಾಗ ಬಂತೆಂದು ತಿಳಿ, ಹೋದಾಗ ಹೋಯಿತೆಂದು ತಿಳಿ. ಆ ದಿನದ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇನೆ.

ಸುಗತಸಿರಿ


ಕುಡಾವೆಲ್ಲ
14 ಜೂನ್ 2018

ಹಾಮುದುರುವನೇ,

ನಮಸ್ಕಾರ. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಪೊರಕೆಯ ಕಥೆ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ, ಕೋಪ ಮಾಡಿಕೊಳ್ಳಬೇಡಿ, ತುಂಬಾ ಚೆನ್ನಾಗಿತ್ತು.

ಅಮ್ಮನನ್ನೂ ಕೂರಿಸೋಣ ಅಂತ ನೋಡಿದೆ. ಚಾಪೆ ಹಾಕಿ, "ಕಣ್ಣು ಮುಚ್ಚು, ಮೂಗಿನ ತುದಿ ನೋಡಮ್ಮ" ಅಂದೆ.

"ಕಣ್ಣು ಮುಚ್ಚಿ ಮೂಗು ಹೆಂಗೆ ನೋಡ್ಲಿ?"

"ಉಸಿರು ಎಣಿಸು."

"ನಂದು ಎಣಿಸಿ ಏನಾಗ್ಬೇಕು? ಅವನ ಉಸಿರು ಎಣಿಸೋರು ಯಾರಾದ್ರೂ ಇದಾರಾ ಕೇಳು ನಿನ್ನ ಗ್ರೂಪಲ್ಲಿ. ಒಲೆ ಮೇಲೆ ಅನ್ನ ಸೀದೋಗ್ತಿದೆ, ಏಳೇ."

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಈಗ ಅವಳಿಗೆ ಒಂದೇ ಕನಸು ಬೀಳುತ್ತಿದೆ. ಅಣ್ಣ ಹೊಸ್ತಿಲ ಹೊರಗೆ ನಿಂತಿರುತ್ತಾನೆ, ಬಟ್ಟೆ ಒದ್ದೆ. "ಹಸಿವಾಗ್ತಿದೆ ಅಮ್ಮ" ಅನ್ನುತ್ತಾನೆ. ಒಳಗೆ ಬಾ ಅಂದರೆ ಬರುವುದಿಲ್ಲ. ಪಕ್ಕದ ಮನೆ ಅತ್ತೆ ಇದನ್ನು ಕೇಳಿ ಸುಮ್ಮನಿರಬಾರದಾ? "ಸೀಲವತಿ, ಅವನು ಪ್ರೇತವಾಗಿ ಅಲೀತಿದಾನೆ. ಭಿಕ್ಷುಗಳಿಗೆ ಊಟದ ದಾನ ಕೊಟ್ಟು ಅವನ ಹೆಸರಲ್ಲಿ ನೀರು ಬಿಡೋ ತನಕ ಅವನಿಗೆ ಒಂದು ಹನಿಯೂ ಸಿಗಲ್ಲ. ಸತ್ತ ಮೂರನೇ ತಿಂಗಳಿಗೆ ಕೊಡೋ ದಾನವೂ ತಪ್ಪಿಸಿದೆಯಲ್ಲ, ನೀನೆಂಥ ತಾಯಿ?" ಅಂದುಬಿಟ್ಟಳು.

ಆವತ್ತಿನಿಂದ ಅಮ್ಮ ಎರಡು ಹೋಳಾಗಿದ್ದಾಳೆ. ನೀರು ಬಿಟ್ಟರೆ ಬದುಕಿರುವ ಮಗನನ್ನು ತನ್ನ ಕೈಯಾರೆ ಸತ್ತವರ ಸಾಲಿಗೆ ಸೇರಿಸಿದ ಹಾಗೆ. ಬಿಡದಿದ್ದರೆ ಸತ್ತ ಮಗನನ್ನು ಹಸಿದುಕೊಂಡು ನಿಲ್ಲಿಸಿದ ಹಾಗೆ. ಊಟಕ್ಕೆ ಕೂರುತ್ತಾಳೆ, ತುತ್ತು ಎತ್ತುತ್ತಾಳೆ, ಮತ್ತೆ ತಟ್ಟೆಗೆ ಹಾಕುತ್ತಾಳೆ.

ಇದನ್ನು ಬಿಡಿಸಬಲ್ಲವರು ನೀವೊಬ್ಬರೇ. ಉಳಿದ ಮೂವರೂ ಆ ಹೊತ್ತಿನಲ್ಲಿ ಮಲಗಿದ್ದರಂತೆ, ಮೇಲೆ ಇದ್ದದ್ದು ನೀವು ಮತ್ತು ಅಣ್ಣ. ಅವನು ಮುಳುಗಿದ್ದನ್ನು ಕಂಡಿರಾ, ಇಲ್ಲವಾ? ಹೌದು ಅಂದರೆ ಅಮ್ಮ ನೀರು ಬಿಡುತ್ತಾಳೆ. ಒಂದು ಪದ ಸಾಕು.

ಇಂತಿ,
ತಾರುಷಿ


ಕುಡಾವೆಲ್ಲ
10 ಜುಲೈ 2018

ಹಾಮುದುರುವನೇ,

ನನ್ನ ಕಾಗದ ತಲುಪಿತಾ? ಫೋನ್ ಆಗಿದ್ದರೆ ಓದಿದಿರೋ ಇಲ್ಲವೋ ಅಂತಾದರೂ ಗೊತ್ತಾಗುತ್ತಿತ್ತು. ಇದು ಬಾವಿಗೆ ಕಲ್ಲು ಹಾಕಿದ ಹಾಗೆ, ಸದ್ದೂ ಇಲ್ಲ.

ಅಮ್ಮನ ಬಳೆ ಮೊಣಕೈವರೆಗೂ ಜಾರುತ್ತಿದೆ. ಗ್ರೂಪಲ್ಲಿ ಹೇಳಿಕೊಂಡೆ. ಇಪ್ಪತ್ತಮೂರು ಜನ ಕೈ ಮುಗಿದ ಚಿತ್ರ ಕಳಿಸಿದರು. ಒಬ್ಬಳು, "ಎಲ್ಲವೂ ಅನಿತ್ಯ ತಂಗಿ" ಅಂದಳು. ಅವಳ ಮನೆಯ ನಾಯಿ ಕಳೆದುಹೋದಾಗ ಮೂರು ದಿನ ಅತ್ತಿದ್ದಳು.

ಬೇರೇನೂ ಬರೆಯಬೇಡಿ. ಕಂಡಿರಾ, ಇಲ್ಲವಾ?

ತಾರುಷಿ


ಅರಣ್ಯ ವಿಹಾರ, ಬಿಬಿಲೆ
22 ಜುಲೈ 2018

ತಾರುಷಿ,

ನಿನ್ನ ಎರಡೂ ಕಾಗದಗಳು ಬಂದಿವೆ. ಮೊದಲನೆಯದಕ್ಕೆ ಆರು ಸಲ ಉತ್ತರ ಬರೆದು ಹರಿದೆ. ಆರರಲ್ಲೂ ಧರ್ಮದ ಮಾತು ತುಂಬಿತ್ತು. ಇದರಲ್ಲಿ ಅದನ್ನು ಬರೆಯುವುದಿಲ್ಲ.

ಆವತ್ತು ಬೆಳಗಿನ ಗಾಳದ ಹಗ್ಗಗಳನ್ನೆಲ್ಲ ಎಳೆದು ಮುಗಿಸಿದ್ದೆವು. ಎಂಜಿನ್ ನಿಲ್ಲಿಸಿ ದೋಣಿಯನ್ನು ತೇಲಲು ಬಿಟ್ಟಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಮೂವರು ಕೆಳಗೆ ಮಲಗಿದರು. ಕಾವಲು ನನ್ನದು. ಜನಿತ್ ಹಿಂದುಗಡೆ ಕೂತು ಗಾಳಕ್ಕೆ ಸಿಕ್ಕಿಸುವ ಎರೆಮೀನಿನ ಪೆಟ್ಟಿಗೆ ತೊಳೆಯುತ್ತಿದ್ದ. "ಲೋ, ನನ್ ಪಾಲಿನ ಮೀನ್ ಹುಳಿ ತಿಂದ್ಬಿಟ್ಯಾ?" ಎಂದು ಕೇಳಿದ. "ನಿಮ್ಮಮ್ಮನ ಕೈ ರುಚಿ ಅಲ್ವೇನೋ, ಬಿಡ್ತೀನಾ?" ಎಂದೆ. ಅವನು ಕೊಳಕು ನೀರನ್ನು ನನ್ನ ಕಡೆ ಎರಚಿದ.

ಆಮೇಲೆ ನಾನು ಫೋನ್ ತೆಗೆದೆ. ಬಂದರಿನಲ್ಲಿದ್ದಾಗ ತುಂಬಿಕೊಂಡಿದ್ದ ತಮಾಷೆಯ ವಿಡಿಯೋಗಳಿದ್ದವು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಒಂದಾದ ಮೇಲೊಂದು ನೋಡಿದೆ. ನಕ್ಕೆ. ಅದರಲ್ಲೊಂದನ್ನು ಅವನಿಗೆ ತೋರಿಸೋಣವೆಂದು ತಲೆಯೆತ್ತಿದಾಗ ಪೆಟ್ಟಿಗೆ ಇತ್ತು. ಅವನಿರಲಿಲ್ಲ.

ಎಷ್ಟು ಹೊತ್ತಾಗಿತ್ತೆಂದು ನನಗೆ ತಿಳಿಯದು. ಐದು ನಿಮಿಷವಿರಬಹುದು, ಒಂದು ಗಂಟೆಯಿರಬಹುದು. ದೋಣಿ ಎಷ್ಟು ದೂರ ತೇಲಿತ್ತೋ ಅದೂ ತಿಳಿಯದು, ಹಾಗಾಗಿ ಎಲ್ಲಿ ಹುಡುಕಬೇಕೆಂದೂ ಯಾರಿಗೂ ತಿಳಿಯಲಿಲ್ಲ. ಎರಡು ದಿನ ಸುತ್ತಿದೆವು. ಪೊಲೀಸರಿಗೆ ನಾನೂ ತೂಕಡಿಸಿದ್ದೆ ಎಂದೆ. ಹಡಗು ನಿಜವಾಗಿ ಇತ್ತು, ಬಹಳ ದೂರದಲ್ಲಿ.

ಕಂಡಿರಾ ಎಂದು ನೀನು ಕೇಳಿದೆ. ಕಾಣಲಿಲ್ಲ. ಕಾಣಬೇಕಾದವನು ನಾನೊಬ್ಬನೇ ಆಗಿದ್ದೆ. ಈಗ ದಿನಕ್ಕೆ ಹದಿನಾರು ಗಂಟೆ ಪ್ರತಿಯೊಂದು ಹೆಜ್ಜೆಯನ್ನೂ ಅರಿತು ಇಡುತ್ತೇನೆ. ಹೊಸ ಹೆಸರಿನೊಂದಿಗೆ ಹೊಸ ಮನುಷ್ಯನಾಗುತ್ತೇನೆಂದುಕೊಂಡಿದ್ದೆ. ಆಗಲಿಲ್ಲ.

ಸುಗತಸಿರಿ


ಕುಡಾವೆಲ್ಲ
2 ಆಗಸ್ಟ್ 2018

ಅಂದರೆ ಅಣ್ಣ ಕೂಗಿರಬಹುದು.

ಇದೊಂದೇ ಸಾಲು ಬರೆದು ಒಂದು ವಾರ ಇಟ್ಟಿದ್ದೆ. ಅವನು ನಿಮ್ಮ ಹೆಸರನ್ನೇ ಕೂಗಿರುತ್ತಾನೆ, ಅಲ್ಲವಾ? ನೀವು ನಗುತ್ತಿದ್ದಿರಿ.

ನಾನು ಗ್ರೂಪ್ ಬಿಟ್ಟೆ. ಕಣ್ಣು ಮುಚ್ಚಿ ಕೂತರೆ ಕಿವಿಯಲ್ಲಿ ಅದೇ ಕೇಳುತ್ತೆ.

ಅಮ್ಮನಿಗೆ ನಿಮ್ಮ ಕಾಗದ ಬಂದದ್ದು ಹೇಳಿಲ್ಲ. ಬೀದಿಯವರೆಲ್ಲ ಸೇರಿ ಅವಳನ್ನು ದಾನಕ್ಕೆ ಒಪ್ಪಿಸಿದ್ದಾರೆ. ಇದೇ 19ನೇ ತಾರೀಖು, ನಮ್ಮ ಮನೆಯಲ್ಲಿ. ಆದರೆ ಅವಳದೊಂದು ಷರತ್ತು. "ಅಡುಗೆ ಮಾಡ್ತೀನಿ, ಬಡಿಸ್ತೀನಿ. ನೀರು ಬಿಡೋ ಮುಂಚೆ ಉದಾರ ಹಾಮುದುರು ಬಂದು ಎಲ್ರ ಮುಂದೆ, ಕಂಡೆ ಅನ್ಬೇಕು. ಅನ್ಲಿಲ್ವಾ, ಇದು ನನ್ನ ಮಗನ ಆಯುಷ್ಯಕ್ಕೆ ಕೊಟ್ಟ ದಾನ ಅಷ್ಟೇ. ಗಿಂಡಿ ಮುಟ್ಟಲ್ಲ."

ನಮ್ಮೂರ ವಿಹಾರದ ಹಾಮುದುರುವನ್ನು ಕರೆಯಲು ಇಬ್ಬರೂ ಹೋಗಿದ್ದೆವು. ಅಮ್ಮ ಮೂರು ಸಲ ಬಾಗಿ, ದಾನಕ್ಕೆ ಬರಬೇಕು ಅಂದಳು. ಅವರು ಏನೂ ಅನ್ನಲಿಲ್ಲ, ಕೆಳಗೆ ನೋಡುತ್ತಾ ಕೂತರು. ನಾನು, "ಬರ್ತೀರಾ ಸ್ವಾಮಿ?" ಅಂತ ಮತ್ತೆ ಕೇಳಲು ಹೋದೆ. ಅಮ್ಮ ನನ್ನ ತೊಡೆ ಚಿವುಟಿದಳು. ಹೊರಗೆ ಬಂದಮೇಲೆ, "ಹಾಮುದುರು ಸುಮ್ನಿದ್ರೆ ಒಪ್ಪಿದ ಹಾಗೆ ಕಣೇ. ಬುದ್ಧರ ಕಾಲದಿಂದ ಹಂಗೇನೆ. ಫೋನಲ್ಲಿ ಅಷ್ಟೊಂದು ಪ್ರವಚನ ಕೇಳ್ತೀಯ, ಇದನ್ನ ಯಾರೂ ಹೇಳ್ಕೊಡ್ಲಿಲ್ವಾ?" ಅಂದಳು. ತಿಂಗಳುಗಳಾದ ಮೇಲೆ ಅವಳ ಬಾಯಲ್ಲಿ ಕೊಂಕು ಕೇಳಿ ನನಗೆ ಸಮಾಧಾನವಾಯಿತು.

ನೀವು ಬನ್ನಿ. ಬಂದು, ಕಂಡೆ ಅನ್ನಿ. ಸುಳ್ಳು ಅಂತ ನನಗೂ ನಿಮಗೂ ಮಾತ್ರ ಗೊತ್ತಿರುತ್ತೆ. ಅಲೆಗೆ ಸಿಕ್ಕ, ಕೈ ಎತ್ತಿದ, ಹೋದ ಅನ್ನಿ. ಕರುಣೆ ಕರುಣೆ ಅಂತ ದಿನಾ ಜಪ ಮಾಡುತ್ತೀರಲ್ಲ, ಒಬ್ಬ ಹೆಂಗಸು ಊಟ ಮಾಡುವ ಹಾಗಾಗಲಿ ಅಂತ ಒಂದು ಸುಳ್ಳು ಹೇಳಲಾರಿರಾ? ನಮಗೆ ನೀವು ಅಷ್ಟು ಕೊಡಬೇಕು.

ತಾರುಷಿ


ಅರಣ್ಯ ವಿಹಾರ, ಬಿಬಿಲೆ
10 ಆಗಸ್ಟ್ 2018

ತಾರುಷಿ,

ಬರುತ್ತೇನೆ. ದೊಡ್ಡ ಹಾಮುದುರು ಒಪ್ಪಿದ್ದಾರೆ, ಅವರೂ ಜೊತೆಗಿರುತ್ತಾರೆ.

ನೀನು ಕೇಳಿದ್ದನ್ನು ಮಾಡಲಾರೆ. ಸುಳ್ಳಾಡಬಾರದೆಂಬ ನಾಲ್ಕನೆಯ ಶೀಲವನ್ನು ಮುರಿದರೆ ನಾನು ಉಟ್ಟಿರುವುದು ಬರೀ ಬಟ್ಟೆ. ಹೆದರಿಕೆ ಅದಕ್ಕಲ್ಲ. ಪೊಲೀಸರಿಗೆ ಹೇಳಿದ ಸುಳ್ಳೇ ಇನ್ನೂ ನನ್ನನ್ನು ತಿನ್ನುತ್ತಿದೆ. ಅಮ್ಮ ಕೇಳಿದರೆ, ಕಾಣಲಿಲ್ಲ ಎನ್ನುತ್ತೇನೆ. ಯಾಕೆ ಕಾಣಲಿಲ್ಲ ಎಂಬುದನ್ನೂ ಹೇಳುತ್ತೇನೆ. ಬೇಕಾದರೆ ಎಲ್ಲರ ಮುಂದೆ ನನ್ನ ಮುಖಕ್ಕೆ ಉಗಿಯಲಿ.

ಸುಗತಸಿರಿ


ಕುಡಾವೆಲ್ಲ
24 ಆಗಸ್ಟ್ 2018

ಹಾಮುದುರುವನೇ,

ಕಾಲಿಗೆ ಬಿದ್ದು ನಮಸ್ಕಾರ. ಈ ಸಲ ಮನಸ್ಸಿನಿಂದ.

ನಿಮ್ಮ 10ನೇ ತಾರೀಖಿನ ಕಾಗದ ಓದಿದ ಮೇಲೆ ದಾನದ ದಿನ ನನಗೆ ಜೀವವೇ ಇರಲಿಲ್ಲ. ನೀವು ಒಳಗೆ ಬಂದಾಗ ಅಮ್ಮ ನಿಮ್ಮ ಪಾದ ತೊಳೆದಳಲ್ಲ, ಆಗ ನೋಡಲಾರದೆ ನಾನು ಅಡುಗೆಮನೆಗೆ ಓಡಿದೆ. ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡೆ. ಊಟ ಮುಗಿಯಿತು. ಅಮ್ಮ ನಿಮ್ಮ ಮುಂದೆ ಮಂಡಿಯೂರಿ ಕೂತಳು.

"ಹಾಮುದುರುವನೇ, ನನ್ನ ಮಗ ಮುಳುಗಿದ್ದನ್ನ ಕಣ್ಣಾರೆ ಕಂಡ್ರಾ?"

ನೀವು ಮಾತಾಡಲಿಲ್ಲ.

"ಉದಾರ, ಪುತಾ, ಕಂಡ್ಯಾ?"

ನೀವು ನೆಲ ನೋಡುತ್ತಾ ಕೂತಿದ್ದಿರಿ. ನಾನು ಬಾಗಿಲಿಗೆ ಬಂದಿದ್ದೆ. ಆಮೇಲೆ ಅಮ್ಮ ತಲೆಯಾಡಿಸಿದಳು. "ಹಾಮುದುರು ಒಪ್ಪಿದ್ರು" ಅಂದಳು, ಎಲ್ಲರಿಗೂ ಕೇಳುವ ಹಾಗೆ. ಗಿಂಡಿ ಎತ್ತಿಕೊಂಡಳು. ಬಟ್ಟಲು ತುಂಬಿ ತಟ್ಟೆಗೆ ಹರಿಯುವವರೆಗೂ ನೀರು ಬಿಟ್ಟಳು, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಆ ನೀರನ್ನು ತಾನೇ ತಗೊಂಡು ಹೋಗಿ ಅಂಗಳದ ದೇವಕಣಗಿಲೆ ಗಿಡದ ಬುಡಕ್ಕೆ ಸುರಿದಳು.

ನೀವು ಸುಳ್ಳೂ ಹೇಳಲಿಲ್ಲ, ಅವಳನ್ನೂ ಉಳಿಸಿದಿರಿ. ಇದು ನಿಮಗೆ ಹೇಗೆ ಹೊಳೆಯಿತೋ! ನಿಮ್ಮ ಬಗ್ಗೆ ಅಷ್ಟೆಲ್ಲ ಬರೆದದ್ದಕ್ಕೆ ಕ್ಷಮಿಸಿ.

ಆವತ್ತು ಅಮ್ಮ ಎರಡು ತಟ್ಟೆ ಅನ್ನ ಉಂಡಳು. ಕನಸು ಮತ್ತೆ ಬಂದಿಲ್ಲ. "ಹೊಟ್ಟೆ ತುಂಬಿರ್ಬೇಕು ಅವನಿಗೆ" ಅಂದಳು. ಬಂದರಿಗೆ ಹೋಗುವುದು ನಿಲ್ಲಿಸಿದ್ದಾಳೆ. ಅಣ್ಣನ ಅಂಗಿಗಳನ್ನೆಲ್ಲ ಒಗೆದು ವಿಹಾರಕ್ಕೆ ಕೊಟ್ಟುಬಂದಳು. ಈಗ ಹಗಲು ಹೊತ್ತೂ ಅಳುತ್ತಾಳೆ, ಆದರೆ ಅದು ಬೇರೆ ಥರದ ಅಳು. ಅತ್ತು ಎದ್ದು ಮೀನು ಸೀಳುತ್ತಾಳೆ.

ಇಂತಿ,
ತಾರುಷಿ


ಅರಣ್ಯ ವಿಹಾರ, ಬಿಬಿಲೆ
15 ಸೆಪ್ಟೆಂಬರ್ 2018

ಸೀಲವತಿ ಅಮ್ಮನಿಗೆ,

ತ್ರಿರತ್ನಗಳ ಶರಣು ನಿಮಗಿರಲಿ.

ಈ ಕಾಗದವನ್ನು ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದು.

ದಾನದ ದಿನ ನೀವು ಕೇಳಿದಿರಿ. ಕಾಣಲಿಲ್ಲ ಎಂದು ಹೇಳಲೆಂದೇ ಬಂದಿದ್ದೆ. ಬಾಯಿ ತೆರೆಯಲಾಗಲಿಲ್ಲ. ಮುಂದೇನಾಗುತ್ತದೆಂದು ನನಗೆ ತಿಳಿದಿತ್ತು ಅಮ್ಮ. ಭಿಕ್ಷುವಿನ ಮೌನವನ್ನು ನೀವು ಹೇಗೆ ತಿಳಿಯುತ್ತೀರೆಂದು ತಿಳಿದೇ ಸುಮ್ಮನಿದ್ದೆ. ನೀವು ಗಿಂಡಿ ಎತ್ತಿದಾಗಲೂ ತಡೆಯಲಿಲ್ಲ. ದೊಡ್ಡ ಹಾಮುದುರುವಿಗೆ ಎಲ್ಲ ಹೇಳಿದೆ. "ನಾಲಿಗೆ ಆಡದಿದ್ರೂ ಸುಳ್ಳು ಸುಳ್ಳೇ. ಹೋಗಿ ಸರಿಪಡಿಸು" ಎಂದರು. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ಈಗಲೂ ಇಲ್ಲ.

ಜನಿತ್ ಮುಳುಗಿದ್ದನ್ನು ನಾನು ಕಾಣಲಿಲ್ಲ. ಆ ಹೊತ್ತಿನಲ್ಲಿ ಫೋನಿನಲ್ಲಿ ತಮಾಷೆ ನೋಡುತ್ತಾ ಕೂತಿದ್ದೆ. ಅವನು ಹೇಗೆ ಹೋದ, ಬದುಕಿದ್ದಾನೋ ಇಲ್ಲವೋ, ನನಗೆ ತಿಳಿಯದು. ತಾರುಷಿಯದು ಇದರಲ್ಲಿ ಏನೂ ತಪ್ಪಿಲ್ಲ.

ನನ್ನನ್ನು ಕ್ಷಮಿಸಿ ಎಂದು ಬರೆಯಲು ನನಗೆ ಬಾಯಿಲ್ಲ.

ಸುಗತಸಿರಿ


ಕುಡಾವೆಲ್ಲ
3 ಅಕ್ಟೋಬರ್ 2018

ಉದಾರಣ್ಣ,

ನಿಮ್ಮ ಕಾಗದ ಹೋದ ತಿಂಗಳು 20ನೇ ತಾರೀಖು ಬಂತು. ನಾನು ಅಂಗಡಿಯಲ್ಲಿದ್ದೆ. ಅಂಚೆಯವನು ಅಮ್ಮನ ಕೈಗೇ ಕೊಟ್ಟಿದ್ದಾನೆ, ಅವಳು ಕನ್ನಡಕ ಹಾಕಿಕೊಂಡು ತಾನೇ ಓದಿದ್ದಾಳೆ. ನನ್ನ ಕೈಗೆ ಸಿಕ್ಕಿದ್ದರೆ ಒಲೆಗೆ ಹಾಕುತ್ತಿದ್ದೆ.

ನಾನು ಮನೆಗೆ ಬಂದಾಗ ಅಮ್ಮ ಅಂಗಳದಲ್ಲಿದ್ದಳು. ದೇವಕಣಗಿಲೆ ಗಿಡದ ಬುಡದಲ್ಲಿ ಕೂತು ತೆಂಗಿನ ಚಿಪ್ಪಿನಿಂದ ಮಣ್ಣು ಕೆರೆದು ಬೇಸಿನ್ನಿಗೆ ಹಾಕುತ್ತಿದ್ದಳು.

"ಏನಮ್ಮಾ ಇದು?"

"ನೀರು ತಿರುಗಿ ತಗೋಬೇಕು."

"ಒಂದು ತಿಂಗಳಾಯ್ತಮ್ಮ. ಮಳೆ ಎಷ್ಟು ಸಲ ಬಂತು. ಎಲ್ಲಿರುತ್ತೆ ಆ ನೀರು?"

"ಒಳಗೆ ಇಳಿದಿರುತ್ತೆ. ನೀನು ಆ ಕಡೆಯಿಂದ ಕೆರಿ."

ನಮ್ಮೂರ ಹಾಮುದುರುವನ್ನು ಹೋಗಿ ಕೇಳಿದೆವು. ಕೊಟ್ಟ ಪುಣ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ಇಲ್ಲವಂತೆ, ಬದುಕಿರುವವನ ಹೆಸರಿಗೆ ನೀರು ಬಿಟ್ಟರೆ ಕೇಡೇನೂ ಆಗುವುದಿಲ್ಲವಂತೆ. ಅಮ್ಮ ಹೂಂ ಅಂತ ಕೇಳಿಸಿಕೊಂಡಳು. ಗೇಟು ದಾಟಿದ ಮೇಲೆ, "ಅವರಿಗೇನು ಗೊತ್ತು, ಅವರು ಹೆತ್ತಿದಾರಾ?" ಅಂದಳು. ಹುಣ್ಣಿಮೆಗೂ ವಿಹಾರಕ್ಕೆ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ.

ಈಗ ದಿನಕ್ಕೆ ಎರಡು ಸಲ ಬಂದರಿಗೆ ಹೋಗುತ್ತಾಳೆ. ಮೊದಲಾದರೆ ಹಡಗಿನ ಸುದ್ದಿ ಕೇಳುತ್ತಿದ್ದಳು. ಈಗ ಯಾರನ್ನೂ ಏನೂ ಕೇಳುವುದಿಲ್ಲ. ಮನೆಗೆ ಬಂದು ಅಗೆಯುತ್ತಾಳೆ. ಗಿಡ ವಾಲಿದೆ, ಬೇರುಗಳೆಲ್ಲ ಹೊರಗೆ ಬಂದಿವೆ. ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಅವಳು ಚಿಪ್ಪು ಹಿಡಿದರೆ ನಾನು ಬೇಸಿನ್ ಹಿಡಿಯುತ್ತೇನೆ.

ನೀವು ಸರಿಪಡಿಸಿದಿರಿ. ನಿಮ್ಮ ಮನಸ್ಸು ಹಗುರವಾಗಿರಬಹುದು, ಆಗಿದ್ದರೆ ನನಗೆ ಬರೆದು ತಿಳಿಸಬೇಡಿ.

ಬೇಸಿನ್ ತುಂಬಿದ ಮೇಲೆ ಅದನ್ನು ಸಮುದ್ರಕ್ಕೆ ಒಯ್ಯುತ್ತೇವೆ. ಅವಳು ಸೊಂಟದವರೆಗೂ ಇಳಿದು ಮಣ್ಣನ್ನು ಹಿಡಿ ಹಿಡಿಯಾಗಿ ನೀರಿಗೆ ಬಿಡುತ್ತಾಳೆ. ನಾನು ಹಿಂದಿನಿಂದ ಅವಳ ಸೆರಗು ಹಿಡಿದುಕೊಂಡು ನಿಂತಿರುತ್ತೇನೆ. ಮೊದಮೊದಲು ಏನೋ ಮಂತ್ರ ಅಂದುಕೊಂಡಿದ್ದೆ. ನಿನ್ನೆ ಹತ್ತಿರ ಹೋಗಿ ಕೇಳಿಸಿಕೊಂಡೆ.

"ಅದು ನಿಂಗಲ್ಲ ಪುತಾ. ಅಮ್ಮ ತಪ್ಪು ಮಾಡಿದ್ಲು. ಕುಡೀಬೇಡ. ಕುಡೀಬೇಡ ಕಂದ."

ತಾರುಷಿ